‘ನಿನ್ನೆಯವರೆಗೂ ಸರಿಯಾಗಿಯೇ ಇದ್ದರು, ಫಾದರ್’

ಮರಣ ಸಂಭವಿಸಿದ ಮನೆಗೆ ಧರ್ಮಗುರು ಹೋದಾಗ ಮೊದಲು ಕೇಳಿಬರುವುದು ಕಾಯಿಲೆಯ ಮಾತು. ಎಷ್ಟು ದಿನ ಆಸ್ಪತ್ರೆಯಲ್ಲಿದ್ದರು, ಯಾವ ಡಾಕ್ಟರು ನೋಡಿದರು, ಕೊನೆಯ ಸಲ ಯಾರನ್ನು ಕೇಳಿದರು ಎಂದು ಮನೆಯವರು ಹೇಳುತ್ತಾ ಹೋಗುತ್ತಾರೆ. ಹೇಳಿದಷ್ಟೂ ಸ್ವಲ್ಪ ಹಗುರಾಗುತ್ತಾರೆ. ತಾವಾಗಿ ಪ್ರಾಣ ಕಳೆದುಕೊಂಡವರ ಮನೆಯಲ್ಲಿ ಹಾಗಲ್ಲ. ಅಂಗಳದಲ್ಲಿ ಪೊಲೀಸರು, ಒಳಗೆ ಮೌನ. ಯಾರೋ ಒಬ್ಬರು ಬಂದು ನಮ್ಮ ಕೈ ಹಿಡಿದು ಹೇಳುವುದು ಒಂದೇ ಮಾತು: “ನಿನ್ನೆಯವರೆಗೂ ಸರಿಯಾಗಿಯೇ ಇದ್ದರು, ಫಾದರ್. ಒಂದು ಸುಳಿವೂ ಇರಲಿಲ್ಲ.” ಮರುದಿನದ ಪತ್ರಿಕೆಯಲ್ಲಿ ‘ಕಾರಣ ತಿಳಿದುಬಂದಿಲ್ಲ’ ಎಂದು ಎರಡು ಸಾಲು ಬರುತ್ತದೆ, ಅಲ್ಲಿಗೆ ಮುಗಿಯಿತು.

ಈ ಮಾತನ್ನು ಪರೀಕ್ಷಿಸಿ ನೋಡಲು ನಮಗೆ ಬಹಳ ಹಿಂಜರಿಕೆ. ಸುಳಿವು ಇತ್ತು ಎಂದರೆ ಮೊದಲೇ ನೊಂದಿರುವ ಮನೆಯವರ ಮೇಲೆ ಅಪವಾದ ಹೊರಿಸಿದಂತಾಗುತ್ತದೆ. ಎಲ್ಲ ಸಾವುಗಳನ್ನೂ ಮೊದಲೇ ತಿಳಿಯಬಹುದು ಎಂದು ಮನೋವೈದ್ಯರೂ ಹೇಳುವುದಿಲ್ಲ. ಒಂದು ಗಳಿಗೆಯ ಆವೇಶದಲ್ಲಿ ಆಗಿಹೋಗುವುದೂ ಉಂಟು. ಆದರೆ ಬಹಳಷ್ಟು ಮಂದಿ ಯಾರಿಗಾದರೂ ಏನಾದರೂ ಹೇಳಿಯೇ ಇರುತ್ತಾರೆ ಎಂಬುದು ಜಗತ್ತಿನಾದ್ಯಂತ ಈ ವಿಷಯವನ್ನು ಅಭ್ಯಸಿಸಿದವರ ಅನುಭವ. ಯಾರಿಗೆ ಹೇಳುತ್ತಾರೆ, ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದು ನಮ್ಮ ಪ್ರಶ್ನೆ. ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಆ ಮಾತು ಅನೇಕ ಸಲ ಭಕ್ತಿಯ ಭಾಷೆಯಲ್ಲಿ ಬರುತ್ತದೆ, ಮತ್ತು ಮನೆಗಿಂತ ಮೊದಲು ಇಗರ್ಜಿಗೆ ಬರುತ್ತದೆ. ಭಕ್ತಿಯನ್ನು ಕೇಳಿ ಅಭ್ಯಾಸವಾಗಿರುವ ನಮ್ಮಂಥವರ ಕಿವಿಗೆ ಅದರಲ್ಲಿ ಭಕ್ತಿ ಮಾತ್ರ ಕೇಳಿಸುತ್ತದೆ.

ಮೊದಲು ದೇಶದ ಲೆಕ್ಕವನ್ನು ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ಭಾರತದಲ್ಲಿ 1,70,924 ಮಂದಿ ಹೀಗೆ ಪ್ರಾಣ ಕಳೆದುಕೊಂಡರು. 2023ರ ಸಂಖ್ಯೆ ಇನ್ನೂ ಸ್ವಲ್ಪ ಹೆಚ್ಚು, 1,71,418. ಕರ್ನಾಟಕದ ಪಾಲು 2022ರಲ್ಲಿ 13,606. ಮಹಾರಾಷ್ಟ್ರ, ತಮಿಳುನಾಡು, ಮಧ್ಯಪ್ರದೇಶಗಳ ನಂತರ ನಾವೇ. ಒಂದು ಲಕ್ಷ ಜನರಿಗೆ ದೇಶದ ಸರಾಸರಿ 12.4 ಇದ್ದರೆ ನಮ್ಮ ರಾಜ್ಯದಲ್ಲಿ ಅದು ಸುಮಾರು 20. ಇವು ಪೊಲೀಸ್ ಠಾಣೆಯಲ್ಲಿ ದಾಖಲಾದವು ಮಾತ್ರ. ‘ಕಾಲು ಜಾರಿ ಬಿದ್ದು’ ಎಂದು ಬರೆಸಿದ ಸಾವುಗಳು ಈ ಲೆಕ್ಕದಲ್ಲಿಲ್ಲ. ಯಾಕೆ ಹಾಗೆ ಬರೆಸುತ್ತಾರೆ ಎಂಬುದು ನಮಗೆಲ್ಲ ಗೊತ್ತಿದೆ.

ಆ ವರದಿಯಲ್ಲಿ ನಮ್ಮನ್ನು ಯೋಚನೆಗೆ ಹಚ್ಚಿದ್ದು ಬೇರೆ ಎರಡು ಅಂಕಿಗಳು. ಸತ್ತವರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ಇನ್ನು ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆ ಶೇಕಡಾ 31.7, ಕಾಯಿಲೆ ಶೇಕಡಾ 18.4, ಸಾಲ ಮತ್ತು ದಿವಾಳಿತನ ಶೇಕಡಾ 4.1, ಪರೀಕ್ಷೆಯಲ್ಲಿ ಸೋತದ್ದು ಶೇಕಡಾ 1.2. ಫಲಿತಾಂಶದ ವಾರದಲ್ಲಿ ಸುದ್ದಿಯಾಗುವುದು ಈ ಕೊನೆಯದ್ದು. ಉಳಿದ ಐವತ್ತೊಂದು ವಾರಗಳಲ್ಲಿ ಸದ್ದಿಲ್ಲದೆ ಹೋಗುವವರು ಸಂಸಾರವಂದಿಗರು, ದುಡಿಯುವ ಗಂಡಸರು, ದೀರ್ಘ ಕಾಯಿಲೆಯವರು. ಪೊಲೀಸರು ಬರೆಯುವ ‘ಕಾರಣ’ ಎಂಬುದೂ ಅರ್ಧ ಸತ್ಯವೇ. ಸಾಲ ಇರುವ ಸಾವಿರ ಜನರಲ್ಲಿ ಒಬ್ಬರು ಯಾಕೆ ಹೀಗೆ ಮಾಡಿಕೊಂಡರು ಎಂಬುದಕ್ಕೆ ಸಾಲವೊಂದೇ ಉತ್ತರವಾಗದು. ಖಿನ್ನತೆ, ಕುಡಿತ, ಒಂಟಿತನ, ಹಿಂದೊಮ್ಮೆ ಮಾಡಿಕೊಂಡ ಪ್ರಯತ್ನ, ಹೀಗೆ ಹಲವು ಎಳೆಗಳು ಸೇರಿರುತ್ತವೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ ಹೆಚ್ಚುಕಡಿಮೆ ನೂರಕ್ಕೆ ಒಬ್ಬರಲ್ಲಿ ಆತ್ಮಹತ್ಯೆಯ ಅಪಾಯ ತೀವ್ರವಾಗಿದೆ ಎಂದು ಕಂಡುಬಂತು. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕೇರಳ ಮತ್ತು ತಮಿಳುನಾಡು ಇದ್ದವು, ಕರ್ನಾಟಕ ಇರಲಿಲ್ಲ. ಆದರೂ ಆ ಅಳತೆಯನ್ನೇ ಹಿಡಿದರೆ, ಸಾವಿರದೈನೂರು ವಯಸ್ಕರಿರುವ ಒಂದು ಧರ್ಮಕೇಂದ್ರದಲ್ಲಿ ಅಂಥವರು ಹನ್ನೆರಡು ಹದಿನೈದು ಮಂದಿ ಇರಬೇಕು. ಭಾನುವಾರದ ಪೂಜೆಯಲ್ಲಿ ಅವರಲ್ಲಿ ಕೆಲವರು ನಮ್ಮ ಎದುರಿಗೇ ಕುಳಿತಿರುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಕಾನೂನು ಈ ವಿಷಯದಲ್ಲಿ ಬಹಳ ಮುಂದೆ ಹೋಗಿದೆ. ಮೊದಲೆಲ್ಲ ಸಾಯಲು ಪ್ರಯತ್ನಿಸಿ ಬದುಕಿದವರ ಮೇಲೆ ಭಾರತೀಯ ದಂಡ ಸಂಹಿತೆಯ 309ನೇ ಕಲಮಿನಡಿ ಮೊಕದ್ದಮೆ ಹಾಕಬಹುದಿತ್ತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಅದಕ್ಕೆ ತಡೆ ಹಾಕಿತು. ಅಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆಗೆ ಬದಲು ಚಿಕಿತ್ಸೆ, ಆರೈಕೆ ಒದಗಿಸುವುದು ಸರಕಾರದ ಕರ್ತವ್ಯ ಎಂದು ಅದರ 115ನೇ ಕಲಮು ಹೇಳುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲವೇ ಇಲ್ಲ. ಸರಕಾರಿ ಅಧಿಕಾರಿಯ ಕೆಲಸಕ್ಕೆ ಒತ್ತಡ ತರಲೆಂದು ಹಾಗೆ ಮಾಡಿದರೆ ಮಾತ್ರ ಅಪರಾಧ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಕೇಸಾಗುತ್ತದೆ ಎಂಬ ಭಯದಿಂದ ಮನೆಯಲ್ಲೇ ಮುಚ್ಚಿಡುವ ಕುಟುಂಬಗಳು ಇಂದಿಗೂ ಇವೆ. ಈ ಬದಲಾವಣೆಯನ್ನು ಪ್ರತಿ ವಾಳೆಯ ಕೂಟದಲ್ಲೂ ಒಮ್ಮೆ ಓದಿ ಹೇಳಬೇಕು.

ಇನ್ನೊಂದು ಬೆಳವಣಿಗೆ ನಮ್ಮ ವಿದ್ಯಾಸಂಸ್ಥೆಗಳಿಗೆ ನೇರವಾಗಿ ಸಂಬಂಧಿಸಿದ್ದು. ಆಂಧ್ರಪ್ರದೇಶದಲ್ಲಿ ಒಬ್ಬ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ ತಿಂಗಳಲ್ಲಿ ಮಾರ್ಗಸೂಚಿಗಳನ್ನು ನೀಡಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹತೆಯುಳ್ಳ ಒಬ್ಬ ಆಪ್ತ ಸಮಾಲೋಚಕರಾದರೂ ಇರಬೇಕು. ಬೋಧಕರಿಗೂ ಬೋಧಕೇತರ ಸಿಬ್ಬಂದಿಗೂ ವರ್ಷಕ್ಕೆ ಕನಿಷ್ಠ ಎರಡು ಸಲ, ಅಪಾಯದ ಲಕ್ಷಣಗಳನ್ನು ಗುರುತಿಸುವ ತರಬೇತಿ ಕೊಡಬೇಕು. ಬೋಧಕೇತರರು ಎಂದು ಹೇಳಿದ್ದು ಬಹಳ ಸರಿ. ಊಟ ಬಿಟ್ಟ ಹುಡುಗಿ ಯಾರೆಂದು ಪ್ರಾಂಶುಪಾಲರಿಗಿಂತ ಮೊದಲು ತಿಳಿಯುವುದು ಹಾಸ್ಟೆಲಿನ ಅಡುಗೆಯವರಿಗೆ. ಧರ್ಮಪ್ರಾಂತ್ಯದ ಶಾಲೆ ಕಾಲೇಜುಗಳು ಈ ತರಬೇತಿಯನ್ನು ಕಡತಕ್ಕೆ ಫೋಟೋ ಹಚ್ಚುವ ಒಂದು ಕಾರ್ಯಕ್ರಮವಾಗಿ ಮಾಡಿ ಮುಗಿಸದಿರಲಿ ಎಂದು ನಮ್ಮ ವಿನಂತಿ. ಕನ್ಯಾಮಠಗಳ ಹಾಸ್ಟೆಲ್‌ಗಳನ್ನೂ ಸೆಮಿನರಿಗಳನ್ನೂ ಇದರಿಂದ ಹೊರಗಿಡಬಾರದು.

ಆದರೆ ಶಾಲೆ ಬಿಟ್ಟು ಇಪ್ಪತ್ತು ಮೂವತ್ತು ವರ್ಷ ಕಳೆದವರನ್ನು ಗಮನಿಸುವವರು ಯಾರು? ಕೋರ್ಟಿನ ಮಾರ್ಗಸೂಚಿ ಅವರ ತನಕ ತಲುಪದು. ನಮ್ಮ ಕಡೆಯಲ್ಲಿ ಅವರನ್ನು ತಿಂಗಳಿಗೊಮ್ಮೆಯಾದರೂ ಕಾಣುವ ವ್ಯವಸ್ಥೆ ಇದ್ದರೆ ಅದು ವಾಳೆಯ ಗುರಿಕಾರರದ್ದು, ಕಿರು ಕ್ರೈಸ್ತ ಸಮುದಾಯದ್ದು, ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯವರದ್ದು, ಸ್ತ್ರೀ ಸಂಘಟನೆಯದ್ದು.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಬಹಳ ವರ್ಷಗಳ ಹಿಂದಿನ ಮಾತು, ನಾವಾಗ ಸೇವೆಯಲ್ಲಿದ್ದ ಧರ್ಮಕೇಂದ್ರ ಬೇರೆ. ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದ್ದ ಒಬ್ಬರು ವಾರದ ದಿನ ಬೆಳಿಗ್ಗೆ ಪೂಜೆಯ ನಂತರ ಕಚೇರಿಗೆ ಬಂದರು. ತಂದೆತಾಯಿಯ ವಾರ್ಷಿಕದ ಪೂಜೆಗಳನ್ನು ಮುಂದಿನ ವರ್ಷದ್ದೂ ಸೇರಿಸಿ ಬರೆಯಲು ಹೇಳಿದರು. ಇಗರ್ಜಿಗೆ ಕೊಡಬೇಕಾಗಿದ್ದ ಎರಡು ವರ್ಷದ ಬಾಕಿ ವಂತಿಗೆಯನ್ನು ಎಣಿಸಿ ಮೇಜಿನ ಮೇಲಿಟ್ಟರು. ಗಾಯನ ಮಂಡಳಿಯ ಕಪಾಟಿನ ಬೀಗದ ಕೈ ಅವರಲ್ಲಿತ್ತು, ಅದನ್ನೂ ಕೊಟ್ಟರು. “ಇನ್ನು ಚಿಕ್ಕವರು ನೋಡಿಕೊಳ್ಳಲಿ ಫಾದರ್” ಅಂದರು. ನಾವು ರಶೀದಿ ಬರೆದೆವು. ನಿಮ್ಮಂತೆ ಎಲ್ಲರೂ ಲೆಕ್ಕ ಚುಕ್ತಾ ಮಾಡಿದರೆ ಇಗರ್ಜಿಯ ಮಾಡಿನ ಕೆಲಸ ಈ ವರ್ಷವೇ ಮುಗಿಯುತ್ತಿತ್ತು ಎಂದು ನಗೆಮಾತು ಆಡಿದೆವು. ಅವರೂ ನಕ್ಕರು. ಹನ್ನೆರಡನೆಯ ದಿನ ಅವರ ದಫನಕ್ಕೆ ನಾವೇ ಪ್ರಾರ್ಥನೆ ಹೇಳಿದೆವು.

ಆ ರಶೀದಿಯ ಅಡಿಪ್ರತಿಯನ್ನು ನಾವು ಆಮೇಲೆ ಎಷ್ಟೋ ಸಲ ತೆಗೆದು ನೋಡಿದ್ದುಂಟು. ಲೆಕ್ಕ ಮುಗಿಸುವುದು, ಜವಾಬ್ದಾರಿ ಒಪ್ಪಿಸುವುದು, ಪ್ರೀತಿಯ ವಸ್ತುಗಳನ್ನು ಹಂಚುವುದು, ಇವೆಲ್ಲ ಅಪಾಯದ ಲಕ್ಷಣಗಳೆಂದು ಯಾವುದೇ ಮನೋವೈದ್ಯರ ಕೈಪಿಡಿಯಲ್ಲಿದೆ. ಸೆಮಿನರಿಯಲ್ಲಿ ನಾವು ತತ್ವಶಾಸ್ತ್ರ ಓದಿದೆವು, ದೈವಶಾಸ್ತ್ರ ಓದಿದೆವು. ಈ ಪುಟವನ್ನು ಓದಿರಲಿಲ್ಲ, ಅಥವಾ ಓದಿದ್ದು ನೆನಪಿಗೆ ಬರಲಿಲ್ಲ. ಎದುರಿಗಿದ್ದದ್ದು ಒಬ್ಬ ಒಳ್ಳೆಯ ಕಥೋಲಿಕನ ಶಿಸ್ತು ಎಂದೇ ನಮಗೆ ಕಂಡಿತು.

ಅಂದಿನಿಂದ ಕೆಲವು ಮಾತುಗಳನ್ನು ನಾವು ಬೇರೆ ಕಿವಿಯಿಂದ ಕೇಳಲು ಕಲಿತಿದ್ದೇವೆ. “ನನಗೊಂದು ಒಳ್ಳೆಯ ಮರಣ ಸಿಗಲಿ ಅಂತ ಪ್ರಾರ್ಥಿಸಿ.” ಎಂಬತ್ತು ದಾಟಿದ ಅಜ್ಜಿ ಹೇಳಿದರೆ ಅದು ಪ್ರಾರ್ಥನೆ. ನಲವತ್ತೈದರ ಗಂಡಸು ಹೇಳಿದರೆ ಕುರ್ಚಿ ಎಳೆದು ಕೂರಿಸಿ ಮಾತಾಡಿಸಬೇಕು. ಅಜ್ಜಿ ಹೇಳಿದರೂ ಒಮ್ಮೆ ವಿಚಾರಿಸಬೇಕು. ಮಕ್ಕಳೆಲ್ಲ ವಿದೇಶದಲ್ಲಿದ್ದು ದೊಡ್ಡ ಮನೆಯಲ್ಲಿ ಒಬ್ಬರೇ ಇರುವ ಹಿರಿಯರ ನಿರಾಶೆಯನ್ನು ‘ವಯಸ್ಸಾಯಿತು’ ಎಂದು ನಾವು ಸುಲಭವಾಗಿ ತಳ್ಳಿಬಿಡುತ್ತೇವೆ. “ದೇವರು ನನ್ನನ್ನು ಬೇಗ ಕರೆದುಕೊಂಡರೆ ಮನೆಯವರಿಗಾದರೂ ನೆಮ್ಮದಿ” ಎಂಬ ಮಾತಿನಲ್ಲಿ ನಾನು ಇತರರಿಗೆ ಹೊರೆ ಎಂಬ ಭಾವನೆ ಇದೆ. ಈ ಭಾವನೆ ಬಹಳ ಅಪಾಯಕಾರಿ ಎಂದು ವೈದ್ಯರು ಹೇಳುತ್ತಾರೆ. “ನನ್ನ ಪಾಪಕ್ಕೆ ಕ್ಷಮೆಯೇ ಇಲ್ಲ” ಎಂದು, ಒಂದೇ ಪಾಪವನ್ನು ಹಿಡಿದು ವಾರವಾರವೂ ಪಾಪನಿವೇದನೆಗೆ ಬರುವವರು ಇದ್ದಾರೆ. ಅದು ಮನಸ್ಸಾಕ್ಷಿಯ ಸೂಕ್ಷ್ಮತೆ ಇರಬಹುದು, ಖಿನ್ನತೆಯ ಲಕ್ಷಣವೂ ಇರಬಹುದು. ಕ್ಷಮೆಯ ಮಾತಿನ ಜೊತೆಗೆ ಡಾಕ್ಟರ ಹೆಸರನ್ನೂ ಹೇಳಿ ಕಳುಹಿಸುವುದರಿಂದ ಸಂಸ್ಕಾರದ ಘನತೆಗೆ ಕುಂದೇನೂ ಬಾರದು.

ಇನ್ನು ಒಂದು ಪ್ರಶ್ನೆ, ಅದನ್ನು ಯುವಕರು ಕೇಳುವುದು ಹೆಚ್ಚು. ಧರ್ಮೋಪದೇಶದ ತರಗತಿಯಲ್ಲಿ, ಐ.ಸಿ.ವೈ.ಎಂ. ಸಭೆ ಮುಗಿದ ಮೇಲೆ, ಬೇರೆ ಯಾರದೋ ವಿಷಯ ಎಂಬಂತೆ ಕೇಳುತ್ತಾರೆ: “ಆತ್ಮಹತ್ಯೆ ಮಾಡಿಕೊಂಡವರು ನರಕಕ್ಕೇ ಹೋಗುವುದಾ ಫಾದರ್?” ನಾವು ಉತ್ಸಾಹದಿಂದ ಉತ್ತರ ಕೊಡಲು ಹೊರಡುತ್ತೇವೆ. ಉತ್ತರ ಕೊಡಬೇಕಾದದ್ದೇ, ಆದರೆ ಮೊದಲು ಕೇಳಿದವರ ಮುಖ ನೋಡಬೇಕು. “ಯಾಕೆ ಕೇಳಿದೆ ಮಗಾ? ನಿನಗೆ ಹಾಗೇನಾದರೂ ಅನಿಸಿದ್ದುಂಟಾ?” ಎಂದು ಬೇರೆಯವರಿಲ್ಲದಾಗ ಕೇಳಬೇಕು.

ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುವುದಿಲ್ಲವೇ ಎಂಬ ಹೆದರಿಕೆ ನಮ್ಮ ಸ್ವಯಂಸೇವಕರಿಗೆ ಬಹಳ. ಇಲ್ಲ. ಇದನ್ನು ಬೇರೆ ಬೇರೆ ದೇಶಗಳಲ್ಲಿ ಸಂಶೋಧನೆ ಮಾಡಿ ನೋಡಿದ್ದಾರೆ; ಕೇಳುವುದರಿಂದ ಅಪಾಯ ಹೆಚ್ಚಿದ್ದು ಕಂಡುಬಂದಿಲ್ಲ. ಕೇಳಿಸಿಕೊಂಡವರಿಗೆ ಅದರಿಂದ ಒಂದು ಬಿಡುಗಡೆ ಸಿಗುತ್ತದೆ. ಆದರೆ ಹೇಗೆ ಕೇಳುತ್ತೇವೆ ಎಂಬುದು ಮುಖ್ಯ. “ನೀವೇನೂ ಹುಚ್ಚು ಯೋಚನೆ ಮಾಡುತ್ತಿಲ್ಲ ತಾನೆ?” ಎಂದು ಕೇಳಿದರೆ ಇಲ್ಲ ಎನ್ನದೆ ಅವರಿಗೆ ಬೇರೆ ದಾರಿಯೇ ಇಲ್ಲ. “ಸಾಕಾಗಿದೆ ಅಂತ ಹೇಳಿದಿರಿ. ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಾ ಉಂಟಾ?” ಎಂದು ಕೇಳಬೇಕು, ಕೇಳಿ ಸುಮ್ಮನಿರಬೇಕು. ಆ ಮೌನವನ್ನು ತಡೆದುಕೊಳ್ಳುವುದೇ ಕಷ್ಟ. ಅದರೊಳಗೆ ನಾವು ಒಂದು ಸಣ್ಣ ಪ್ರಸಂಗ ತುರುಕಿಬಿಡುತ್ತೇವೆ, ಅದು ನಮ್ಮ ವೃತ್ತಿಯ ಚಾಳಿ.

ಒಂದು ವಾಳೆಯ ಗುರಿಕಾರರಾಗಿದ್ದ ಹಿರಿಯ ಮಹಿಳೆಯೊಬ್ಬರು ಇದನ್ನು ನಮಗಿಂತ ಚೆನ್ನಾಗಿ ಮಾಡಿದ್ದನ್ನು ಕಂಡಿದ್ದೇವೆ. ಬೀಡಿ ಕಟ್ಟಿ ಸಂಸಾರ ಸಾಕಿದವರು, ಯಾವ ತರಬೇತಿಗೂ ಹೋದವರಲ್ಲ. ತಮ್ಮ ವಾಳೆಯ ಒಬ್ಬ ಸೊಸೆ ಎರಡು ತಿಂಗಳಿಂದ ಕೂಟಕ್ಕೆ ಬರುತ್ತಿಲ್ಲ, ಇಗರ್ಜಿಗೆ ಬಂದರೂ ಹಿಂದೆ ನಿಂತು ಪರಮಪ್ರಸಾದ ಸ್ವೀಕರಿಸದೆ ಹೋಗುತ್ತಾಳೆ, ಮಗುವಿಗೆ ಮಾತ್ರ ಚೆನ್ನಾಗಿ ಬಟ್ಟೆ ಹಾಕಿ ತಾನು ತಲೆ ಬಾಚುವುದನ್ನೂ ಬಿಟ್ಟಿದ್ದಾಳೆ ಎಂಬುದನ್ನು ಅವರು ಗಮನಿಸಿದ್ದರು. ಮಲ್ಲಿಗೆ ಕೊಯ್ಯುವ ನೆಪದಲ್ಲಿ ಅವಳ ಮನೆಗೆ ಹೋಗಿ, “ಎಂತ ಆಗಿದೆ ನಿಂಗೆ ಮಗಾ? ಸಾಯಬೇಕು ಅಂತ ಅನಿಸ್ತಾ ಉಂಟಾ?” ಎಂದು ಕೊಂಕಣಿಯಲ್ಲಿ ನೇರವಾಗಿ ಕೇಳಿದರು. ಅವಳು ಅತ್ತಳು. ಆ ರಾತ್ರಿ ಅವರು ತಮ್ಮ ಮನೆಗೆ ಹೋಗಲಿಲ್ಲ, ಅವಳ ಜೊತೆಗೇ ಮಲಗಿದರು. ಬೆಳಿಗ್ಗೆ ಗಂಡನಿಗೆ ಫೋನ್ ಮಾಡಿಸಿ, ತಾವೇ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಮಗೆ ಸುದ್ದಿ ತಿಳಿದದ್ದು ಆಮೇಲೆ. ಹೆರಿಗೆಯ ನಂತರದ ಖಿನ್ನತೆ ಎಂದು ಡಾಕ್ಟರು ಹೇಳಿದರಂತೆ. ಆರೇಳು ತಿಂಗಳ ಔಷಧಿಯಲ್ಲಿ ಗುಣವಾಯಿತು.

ಪವಿತ್ರ ಗ್ರಂಥದಲ್ಲಿ ಇಂಥದೇ ಒಂದು ಪ್ರಸಂಗವಿದೆ. ಅರಸುಗಳು ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಜೀವಭಯದಿಂದ ಓಡಿ, ಜೊತೆಗಿದ್ದ ಸೇವಕನನ್ನು ಬೇರ್ಷೆಬದಲ್ಲೇ ಬಿಟ್ಟು, ಒಂದು ದಿನದ ದಾರಿಯಷ್ಟು ಮರುಭೂಮಿಯೊಳಗೆ ಒಬ್ಬನೇ ಹೋಗಿ, ಗಿಡದ ಕೆಳಗೆ ಕುಳಿತು ತನ್ನ ಪ್ರಾಣವನ್ನು ತೆಗೆದುಕೋ ಎಂದು ದೇವರನ್ನು ಬೇಡುತ್ತಾನೆ. ದೊಡ್ಡ ಗೆಲುವಿನ ಬೆನ್ನಿಗೇ ಬಂದ ಕುಸಿತ ಅದು. ದೇವದೂತನು ಬಂದು ಅವನ ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಮುಟ್ಟಿ ಎಬ್ಬಿಸಿದನು, ರೊಟ್ಟಿ ಮತ್ತು ನೀರು ಇಟ್ಟನು, ಮತ್ತೆ ಮಲಗಿದಾಗ ಮಲಗಲು ಬಿಟ್ಟನು, ಎರಡನೆಯ ಸಲವೂ ಊಟ ಕೊಟ್ಟನು. ಏನಾಗಿದೆ ಎಂಬ ಮಾತುಕತೆ ನಡೆದದ್ದು ನಲವತ್ತು ದಿನದ ನಂತರ, ಹೋರೇಬ್ ಬೆಟ್ಟದಲ್ಲಿ. ಆಮೇಲೆ ಎಲೀಷನೆಂಬ ಒಬ್ಬ ಜೊತೆಗಾರನೂ ಸಿಕ್ಕಿದ. ನಮ್ಮ ಮನೆಭೇಟಿಗಳಲ್ಲಿ ಈ ಕ್ರಮ ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ: ಮೊದಲು ಬುದ್ಧಿವಾದ, ಆಮೇಲೆ ಜಪಸರ, ಊಟ ನಿದ್ದೆಯ ವಿಚಾರಣೆ ಕೊನೆಗೆ. ಎಷ್ಟು ದಿನದಿಂದ ನಿದ್ದೆ ಬರುತ್ತಿಲ್ಲ ಎಂದು ಕೇಳುವುದು ಎಲ್ಲಕ್ಕಿಂತ ಮೊದಲ ಪ್ರಶ್ನೆಯಾದರೂ ತಪ್ಪಿಲ್ಲ.

ಹೌದು, ಹಾಗೆ ಅನಿಸುತ್ತದೆ ಎಂದು ಒಬ್ಬರು ಹೇಳಿದರೆ ಮುಂದೆ? ಹೇಗೆ, ಯಾವಾಗ ಎಂದು ಮನಸ್ಸಿನಲ್ಲಿ ನಿರ್ಧರಿಸಿದ್ದಾರೆಯೇ, ಅದಕ್ಕೆ ಬೇಕಾದದ್ದು ಕೈಗೆಟಕುವಂತಿದೆಯೇ, ಹಿಂದೆ ಪ್ರಯತ್ನಿಸಿದ್ದುಂಟೇ ಎಂಬುದನ್ನು ಕೇಳಿ ತಿಳಿಯಬೇಕು. ಇವಕ್ಕೆ ಹೌದು ಎಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡಬಾರದು, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ; ಕಂಕನಾಡಿಯ ನಮ್ಮ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲೂ ಮನೋರೋಗ ವಿಭಾಗವಿದೆ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಕಷ್ಟದಲ್ಲಿರುವವರೇ ಕರೆ ಮಾಡಬೇಕೆಂದಿಲ್ಲ, ಅವರ ಪಕ್ಕದಲ್ಲಿ ಕುಳಿತವರು ಏನು ಮಾಡಬೇಕೆಂದು ಕೇಳಲೂ ಮಾಡಬಹುದು. ಜೀವಕ್ಕೆ ಅಪಾಯವಾಗಿದ್ದರೆ 108.

ಮನೆಯವರ ಕೈಯಲ್ಲಿ ಇನ್ನೊಂದು ಕೆಲಸವಿದೆ, ಅದು ಸಣ್ಣದೆಂದು ಕಂಡರೂ ಬಹಳ ದೊಡ್ಡದು. ತೋಟಕ್ಕೆ ತಂದ ಕೀಟನಾಶಕ, ಉಳಿದ ಮಾತ್ರೆಗಳು ಮುಂತಾದವನ್ನು ಬೀಗ ಹಾಕಿ ಇಡುವುದು ಅಥವಾ ಕೆಲವು ಕಾಲ ಬೇರೆಯವರ ಮನೆಗೆ ಸಾಗಿಸುವುದು. ‘ಸಾಯಬೇಕೆಂದವರು ಬೇರೆ ದಾರಿ ಹುಡುಕುತ್ತಾರೆ’ ಎಂದು ಹೇಳುವವರಿಗೆ ನೆರೆಯ ಶ್ರೀಲಂಕಾ ಉತ್ತರ ಕೊಟ್ಟಿದೆ. 1995ರ ಹೊತ್ತಿಗೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ತೀರಾ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಹೋದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅದು ಸುಮಾರು ಶೇಕಡಾ 70ರಷ್ಟು ಇಳಿಯಿತು, ಬೆಳೆಗೆ ನಷ್ಟವೇನೂ ಆಗಲಿಲ್ಲ. ಆ ಕೆಟ್ಟ ಗಳಿಗೆ ದಾಟಿದರೆ ಹೆಚ್ಚಿನವರು ಬದುಕನ್ನೇ ಆರಿಸಿಕೊಳ್ಳುತ್ತಾರೆ.

ಗುಟ್ಟಿನ ವಿಷಯದಲ್ಲಿ ಎರಡು ಮಾತು ಬೇಕು. ಗುರಿಕಾರರು, ಶಿಕ್ಷಕರು, ಯುವ ನಾಯಕರು “ಯಾರಿಗೂ ಹೇಳುವುದಿಲ್ಲ” ಎಂದು ಮಾತು ಕೊಡಬಾರದು. “ನಿಮ್ಮ ಜೀವ ಉಳಿಸಲು ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳುತ್ತೇನೆ” ಎನ್ನಬೇಕು. ಆದರೆ ಪಾಪನಿವೇದನೆಯ ಸ್ಥಿತಿ ಬೇರೆ. ಅಲ್ಲಿ ಕೇಳಿದ್ದನ್ನು ಧರ್ಮಗುರು ಯಾರಿಗೂ, ಯಾವ ಕಾರಣಕ್ಕೂ, ಜೀವ ಉಳಿಸಲು ಕೂಡ, ಹೊರಗೆ ಹೇಳುವಂತಿಲ್ಲ. ಹಾಗಾಗಿ ಅಲ್ಲಿಯೇ ಸಮಯ ತೆಗೆದುಕೊಂಡು ಮಾತಾಡಬೇಕು. ಹೊರಗೆ ಸಾಲು ನಿಂತಿದೆ ಎಂದು ಅವಸರ ಮಾಡಬಾರದು. “ಇದು ಮುಗಿದ ಮೇಲೆ ಹೊರಗೆ ಬಂದು ಇದೇ ಮಾತನ್ನು ನನಗೆ ಇನ್ನೊಮ್ಮೆ ಹೇಳುತ್ತೀರಾ?” ಎಂದು ಬೇಡಿಕೊಳ್ಳಬೇಕು. ಬಂದು ಹೇಳಿದರೆ ನಮ್ಮ ಕೈ ಬಿಚ್ಚಿದಂತಾಗುತ್ತದೆ. ಈ ವಿಷಯವನ್ನು ಧರ್ಮಗುರುಗಳ ಸಭೆಯಲ್ಲಿ ಮುಕ್ತವಾಗಿ ಚರ್ಚಿಸಿದ್ದು ಕಡಿಮೆ. ಧರ್ಮಗುರುಗಳಲ್ಲೂ ಧರ್ಮಭಗಿನಿಯರಲ್ಲೂ ಇಂಥ ನೋವಿನಲ್ಲಿರುವವರು ಇರಬಹುದು ಎಂಬುದನ್ನು ಚರ್ಚಿಸಿದ್ದು ಇನ್ನೂ ಕಡಿಮೆ.

ಬಹಳ ದಿನ ಕುಗ್ಗಿದ್ದವರು ಒಮ್ಮೆಗೇ ಶಾಂತರಾಗಿ, ನಗುತ್ತಾ ಓಡಾಡತೊಡಗಿದರೆ ಮನೆಯವರು ಹರಕೆ ತೀರಿಸಲು ಹೊರಡುತ್ತಾರೆ. ನಿಜವಾಗಿ ಗುಣವಾಗಿರಲೂಬಹುದು. ಆದರೆ ಔಷಧಿ, ಚಿಕಿತ್ಸೆ ಏನೂ ಇಲ್ಲದೆ ಕಾರಣ ತಿಳಿಯದೆ ಬಂದ ಶಾಂತಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಮನಸ್ಸಿನಲ್ಲಿ ನಿರ್ಧಾರ ಆಗಿಹೋದ ಮೇಲೂ ಅಂಥ ಶಾಂತಿ ಬರುತ್ತದೆ. ಹಾಗೆಯೇ, ಪ್ರಯತ್ನಿಸಿ ಬದುಕುಳಿದವರು ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಕೆಲವು ವಾರಗಳು ಬಹಳ ಎಚ್ಚರದ ಕಾಲ. ಆ ಸಮಯದಲ್ಲಿ ನಮ್ಮವರು ನಾಚಿಕೆಯಿಂದ ಬಾಗಿಲು ಹಾಕಿಕೊಳ್ಳುತ್ತಾರೆ, ನೆರೆಯವರು ಮುಜುಗರದಿಂದ ಆ ಕಡೆ ಹೋಗುವುದಿಲ್ಲ. ಬೇರೆ ಶಸ್ತ್ರಚಿಕಿತ್ಸೆಯಾಗಿ ಬಂದವರ ಮನೆಗೆ ಹಣ್ಣು ಹಿಡಿದುಕೊಂಡು ಹೋಗುವ ನಾವು, ಈ ಮನೆಗೂ ಹಾಗೆಯೇ ಹೋಗಬಹುದಲ್ಲ.

ನರಕದ ಪ್ರಶ್ನೆಗೆ ಉತ್ತರ ಬಾಕಿ ಉಳಿಯಿತು. 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ, ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ ಕ್ರೈಸ್ತ ದಫನವನ್ನು ನಿರಾಕರಿಸುವ ನಿಯಮವಿತ್ತು. ಸಿಮಿತ್ರಿಯ ಗೋಡೆಯ ಹೊರಗೆ ಹೂಳುತ್ತಿದ್ದುದನ್ನು ಕಂಡ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. 1983ರ ಸಂಹಿತೆಯಲ್ಲಿ ಆ ನಿಷೇಧವಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು, ಜೀವ ದೇವರ ಕೊಡುಗೆ, ಅದನ್ನು ಕಳೆಯುವ ಹಕ್ಕು ನಮಗಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಜೊತೆಗೆ ತೀವ್ರ ಮಾನಸಿಕ ಅಸ್ವಸ್ಥತೆ, ಸಂಕಟ, ಭಯಗಳು ಆ ವ್ಯಕ್ತಿಯ ಹೊಣೆಗಾರಿಕೆಯನ್ನು ಕಡಿಮೆ ಮಾಡಬಲ್ಲವು, ಅವರ ನಿತ್ಯ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದೂ 2280ರಿಂದ 2283ರ ವರೆಗಿನ ಪರಿಚ್ಛೇದಗಳಲ್ಲಿ ಹೇಳಿದೆ. ಹೀಗಿದ್ದೂ ದಫನದ ದಿನ ಗಂಟೆ ಬಾರಿಸಬೇಕೇ, ಪೂಜೆ ಬೇಕೇ ಎಂದು ಪಿಸುಗುಟ್ಟುವವರು ಪಾಲನಾ ಮಂಡಳಿಗಳಲ್ಲಿ ಇದ್ದಾರೆ. ಕನ್ನಡದ ‘ಆತ್ಮಹತ್ಯೆ’ ಎಂಬ ಪದದಲ್ಲೇ ಹತ್ಯೆ ಇದೆ, ಕೇಳಿದ ಕೂಡಲೇ ಮನಸ್ಸು ಅಪರಾಧಿಯನ್ನು ಹುಡುಕುತ್ತದೆ. ನಮ್ಮ ಈ ಪುಟದಲ್ಲಿ ಅಂಥವರ ಮರಣವಾರ್ತೆ ಬಂದಾಗ ‘ನಿಧನರಾದರು’ ಎಂದಷ್ಟೇ ಬರೆಯುತ್ತೇವೆ. ಸ್ಥಳ, ವಿಧಾನ, ಬರೆದಿಟ್ಟ ಚೀಟಿಯ ವಿವರ ಕೊಡುವುದಿಲ್ಲ. ಅಂಥ ವಿವರಗಳು ಅದೇ ಸ್ಥಿತಿಯಲ್ಲಿರುವ ಇನ್ನೊಬ್ಬರನ್ನು ಪ್ರಚೋದಿಸುತ್ತವೆ ಎಂಬುದು ಸಿದ್ಧವಾದ ವಿಷಯ. ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ ಇದನ್ನೇ ಹೇಳಿದೆ. ವಾಳೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆ ಮನೆಯ ಫೋಟೋ, ವಿಡಿಯೋ ಹಂಚುವವರನ್ನು ಗುರಿಕಾರರು ಅಲ್ಲಿಯೇ ತಡೆಯಬೇಕು.

ಸತ್ತವರ ಹೆಂಡತಿ, ಗಂಡ, ಮಕ್ಕಳು, ಒಡಹುಟ್ಟಿದವರು, ಹತ್ತಿರದ ಗೆಳೆಯರು, ಇವರೂ ಅಪಾಯದಲ್ಲಿರುವವರೇ. ಏಳನೆಯ ದಿನದ ತನಕ ಮನೆ ತುಂಬ ಜನ, ತಿಂಗಳ ಪೂಜೆಯ ನಂತರ ಯಾರೂ ಇಲ್ಲ. ಅವರ ಹೆಸರುಗಳನ್ನು ಭೇಟಿಯ ಪಟ್ಟಿಯಲ್ಲಿ ಕನಿಷ್ಠ ಒಂದು ವರ್ಷ ಉಳಿಸಿಕೊಳ್ಳಬೇಕು. ಮೊದಲ ಕ್ರಿಸ್ಮಸ್, ಮೊದಲ ತೆನೆ ಹಬ್ಬ, ನವೆಂಬರ್ 2ರ ಸಮಾಧಿಗಳ ಆಶೀರ್ವಾದ, ಈ ದಿನಗಳಲ್ಲಿ ಯಾರಾದರೊಬ್ಬರು ಆ ಮನೆಗೆ ಹೋಗಲೇಬೇಕು. ಸೆಪ್ಟೆಂಬರ್ 10ರ ವಿಶ್ವ ಆತ್ಮಹತ್ಯೆ ತಡೆ ದಿನ ನಮ್ಮ ತೆನೆ ಹಬ್ಬ ಕಳೆದು ಎರಡನೆಯ ದಿನಕ್ಕೇ ಬರುತ್ತದೆ. ಹೊಸ ಅಕ್ಕಿಯ ಊಟಕ್ಕೆ ಮನೆಯವರೆಲ್ಲ ಸೇರಿದಾಗ ಯಾರು ಉಣ್ಣದೆ ಎದ್ದರು ಎಂದು ನೋಡಲು ಆ ದಿನದ ಭಿತ್ತಿಪತ್ರವೇನೂ ಬೇಡ.

ಪೂಜೆಯ ಪುಸ್ತಕ ಈಗಲೂ ನಮ್ಮ ಮೇಜಿನ ಮೇಲಿದೆ. ಮುಂದಿನ ವರ್ಷದ ಪೂಜೆಯನ್ನು ಈಗಲೇ ಬರೆಸಲು ಯಾರಾದರೂ ಬಂದರೆ ಹೆಚ್ಚಿನವರದ್ದು ಮುಂಬಯಿಗೋ ದುಬಾಯಿಗೋ ಹೊರಟ ಅವಸರ ಅಷ್ಟೇ. ಆದರೂ ಪೆನ್ನು ಕೆಳಗಿಟ್ಟು, ಕುಳಿತುಕೊಳ್ಳಿ ಎಂದು ಹೇಳಿ, “ನಿದ್ದೆ ಊಟ ಸರಿ ಉಂಟಾ?” ಎಂದು ಕೇಳಿಯೇ ರಶೀದಿ ಬರೆಯುತ್ತೇವೆ. ಕೆಲವರು, ಈ ಫಾದರ್‌ಗೆ ಮಾತು ಜಾಸ್ತಿ ಎಂದು ಹೇಳುತ್ತಾರಂತೆ. ಇಬ್ಬರು ಕುಳಿತುಕೊಂಡರು.